ಕಿವಿಗೆ ಕೇಳದ ಅಕಾರ

"ಗುರುಗಳೇ, ತಿಳಿದ ಸತ್ಯವನ್ನು ಇಂದೇ ಹೇಳಬೇಕೆಂದೇನಿದೆ? ಹತ್ತು ವರ್ಷ ಬಿಟ್ಟು ಹೇಳಿದರೂ ಅದು ಸತ್ಯವೇ ಅಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದ ಕತೆ ಇದು.

ಒಂದು ರಾಜ್ಯದಲ್ಲಿ ಒಬ್ಬ ಸಂಸ್ಕೃತ ಪಂಡಿತನಿದ್ದ. ವ್ಯಾಕರಣದಲ್ಲಿ ಅವನೆದುರು ನಿಲ್ಲುವವರಿರಲಿಲ್ಲ. ಆದರೂ ನಲವತ್ತು ದಾಟುವವರೆಗೆ ಆಸ್ಥಾನದಲ್ಲಿ ಅವನದು ಹಿಂದಿನ ಸಾಲು. ಒಮ್ಮೆ ಸಭೆಯಲ್ಲಿ ಹಳೆಯ ಧರ್ಮಗ್ರಂಥವೊಂದರ ಮಾತು ಚರ್ಚೆಗೆ ಬಂತು. ಗಂಡ ಸತ್ತವಳ ವಿಷಯದಲ್ಲಿ ಅದು 'ಭಾಗೋ ದೇಯಃ' ಎಂದಿತ್ತು. ಗಂಡನ ಆಸ್ತಿಯಲ್ಲಿ ಪಾಲು ಕೊಡತಕ್ಕದ್ದು ಎಂದು ಹಿರಿಯ ಪಂಡಿತರೊಬ್ಬರು ಅರ್ಥ ಹೇಳಿದರು. ಇವನು ಎದ್ದು ನಿಂತ. ಇಲ್ಲಿ ಸಂಧಿಯಲ್ಲಿ ಒಂದು ಅಕಾರ ಲೋಪವಾಗಿದೆ, ಪದ 'ಅದೇಯಃ', ಅಂದರೆ ಪಾಲು ಕೊಡತಕ್ಕದ್ದಲ್ಲ ಎಂದು ಸಾಧಿಸಿದ. ಕಿವಿಗೆ ಎರಡೂ ಒಂದೇ. ಅರಸ ಇವನಿಗೆ ಶಾಲು ಹೊದಿಸಿ ಮುಂದಿನ ಸಾಲಿಗೆ ಕರೆದ. ಆ ಅರ್ಥವೇ ರಾಜ್ಯದ ಕಟ್ಟಳೆಯಾಯಿತು. ಗಂಡ ಸತ್ತ ಹೆಂಗಸರು ಒಬ್ಬೊಬ್ಬರಾಗಿ ಮನೆಯಿಂದ ಹೊರಬಿದ್ದರು.

ಕೆಲವು ವರ್ಷಗಳ ಮೇಲೆ ಆ ಗ್ರಂಥದ ಪ್ರಾಚೀನ ವ್ಯಾಖ್ಯಾನವಿದ್ದ ಓಲೆಯೊಂದು ಅವನ ಕೈಗೆ ಬಂತು. ಅದರಲ್ಲಿ 'ದಾತವ್ಯ ಏವ', ಕೊಡಲೇಬೇಕು, ಎಂದು ಸ್ಪಷ್ಟವಾಗಿ ಬರೆದಿತ್ತು. ಆಗ ಅವನು ಆಸ್ಥಾನದ ಪ್ರಧಾನ ವಿದ್ವಾಂಸ. ಸಮಯ ನೋಡಿ ಹೇಳಿದರಾಯಿತು ಎಂದುಕೊಂಡು ಓಲೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟ. ಮೊದಮೊದಲು ಆ ಪಾಠ ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಹತ್ತು ವರ್ಷ ಕಳೆಯಿತು. ಮಗಳು ವೇದವತಿಯ ಗಂಡ ತೀರಿಕೊಂಡ. ಉತ್ತರಕ್ರಿಯೆ ಮುಗಿದ ಮರುದಿನ ಅವಳು ಬಟ್ಟೆಯ ಗಂಟು ಹಿಡಿದು ತಂದೆಯ ಬಾಗಿಲಲ್ಲಿ ನಿಂತಿದ್ದಳು.

"ಮೈದುನ ನೀವು ಹೇಳಿದ ಅರ್ಥವನ್ನೇ ಓದಿ ತೋರಿಸಿದ, ಅಪ್ಪ. ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ."

ಪಂಡಿತ ಓಲೆ ತೆಗೆದುಕೊಂಡು ನೇರ ಸಭೆಗೆ ಹೋದ. ಎಲ್ಲರೆದುರು ಓದಿದ. ತಪ್ಪು ತನ್ನದು ಎಂದ. ಅಲ್ಲಿ ಕುಳಿತವರಲ್ಲಿ ಅತ್ತಿಗೆಯ ಪಾಲನ್ನೋ ಸೊಸೆಯ ಪಾಲನ್ನೋ ತಮ್ಮ ಆಸ್ತಿಗೆ ಸೇರಿಸಿಕೊಳ್ಳದವರು ಕಡಿಮೆ. ಅವನೇ ಬೆಳೆಸಿದ ಶಿಷ್ಯನೊಬ್ಬ ಎದ್ದು ಕೈಮುಗಿದ.

"ಈ ಓಲೆ ತಮಗೆ ಸಿಕ್ಕಿ ಎಷ್ಟು ಕಾಲವಾಯಿತು?"

ನಿನ್ನೆ ಎಂದರೆ ಮಗಳಿಗಾಗಿ ಬರೆಸಿದ ಓಲೆ ಎನ್ನುತ್ತಾರೆ. ಪಂಡಿತನಿಗೆ ಅದು ಗೊತ್ತಿತ್ತು.

"ಹತ್ತು ವರ್ಷ," ಎಂದ.

"ಹತ್ತು ವರ್ಷ ಸುಳ್ಳು ಕಲಿಸಿದವರ ಮಾತನ್ನು ಇಂದು ಹೇಗೆ ನಂಬುವುದು?"

ಆಮೇಲೆ ಆ ಶಿಷ್ಯ 'ಅದೇಯಃ' ಎಂಬುದನ್ನೇ ಮತ್ತೆ ಸಾಧಿಸಿದ. ಒಂದೊಂದು ವಾದವೂ ಗುರುವಿನದೇ. ದುಃಖದಿಂದ ಬುದ್ಧಿ ಮಂಕಾಗಿದೆ ಎಂದು ಸಭೆಯವರು ಪಂಡಿತನನ್ನು ಮನೆಗೆ ಕಳಿಸಿ, ಓಲೆಯನ್ನು ಅಲ್ಲಿಯೇ ಸುಟ್ಟರು. ಆ ವರ್ಷವೇ ಅವನು ಸತ್ತ. ಮನೆ ದಾಯಾದಿಗಳಿಗೆ ಹೋಯಿತು. ವೇದವತಿ ಛತ್ರವೊಂದರಲ್ಲಿ ಪಾತ್ರೆ ತೊಳೆಯುತ್ತ ಮುದುಕಿಯಾದಳು.

ಕತೆ ಕೇಳಿದ ಶಿಷ್ಯ ಮತ್ತೆ ಪ್ರಶ್ನಿಸಿದ. "ಅಷ್ಟು ಮಂದಿ ವಿದ್ವಾಂಸರಲ್ಲಿ ಒಬ್ಬರೂ ಆ ಓಲೆಯನ್ನು ನಂಬಲಿಲ್ಲವೇ?"

"ಎಲ್ಲರೂ ನಂಬಿದರು," ಎಂದರು ಗುರುಗಳು, "ಅದಕ್ಕೇ ಸುಟ್ಟರು."