ಟಿಕ್ ಎನ್ನದ ಯಂತ್ರ

ಮಾರ್ಚ್ ಹನ್ನೊಂದು, ಬುಧವಾರ. ಬೆಳಗಿನಿಂದಲೇ ಬಿಸಿಲು, ಗಾಳಿಯಿಲ್ಲ.

ಕರಿಬಸಪ್ಪ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಗುರುಗಳ ಮುಂದೆ ನಿಂತು ಕೇಳಿದ: "ಮೂರು ವರ್ಷ ಧ್ಯಾನಕ್ಕೆ ಕೂತೆ, ಗುರುಗಳೇ. ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇನ್ನೂ ಮಿಡಿಯುತ್ತಲೇ ಇದೆ. ತಪ್ಪು ಮಾಡಿದರಂತೂ ಸರಿ, ಸುಮ್ಮನೆ ಕೂತರೂ ಮಿಡಿಯುತ್ತದೆ. ಅದು ಅಡಗದಿದ್ದರೆ ನಾನು ಇಲ್ಲಿದ್ದು ಏನು ಫಲ? ಊರಿಗೆ ಹೊರಟಿದ್ದೇನೆ."

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. "ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ" ಎಂದರು. ಕರಿಬಸಪ್ಪ ಕೂತ. ಚೀಲ ಹೆಗಲಲ್ಲೇ ಇತ್ತು. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗುಜರಿ ವ್ಯಾಪಾರಿ ಇದ್ದ. ಹಳೆಯ ಆಸ್ಪತ್ರೆಯ, ಕಾರ್ಖಾನೆಯ ಕಬ್ಬಿಣವೂ ಅವನ ಅಂಗಳಕ್ಕೆ ಬರುತ್ತಿತ್ತು. ಅಂಥ ಕಬ್ಬಿಣದಲ್ಲಿ ಎಂದೋ ಒಮ್ಮೆ ವಿಕಿರಣ ಸೂಸುವ ಚೂರು ಸೇರಿರುತ್ತದೆ. ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಮುಟ್ಟಿದ ಕೈ ಮಾತ್ರ ಉಳಿಯದು. ಆದ್ದರಿಂದ ವ್ಯಾಪಾರಿ ವಿಕಿರಣವನ್ನು ಪತ್ತೆ ಮಾಡುವ ಅಂಗೈಯಗಲದ ಯಂತ್ರವೊಂದನ್ನು ಕೊಂಡ. ಕಬ್ಬಿಣ ಆಯುವ ಹೆಂಗಸು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದಳು. ಅದು ಸದ್ದು ಮಾಡಿದಾಗಲೆಲ್ಲ, ನಡುವೆ ತಂತಿಯೇ ಇಲ್ಲದೆ, ವ್ಯಾಪಾರಿಯ ಜೇಬಿನ ಮೊಬೈಲೂ ಸದ್ದು ಮಾಡುತ್ತಿತ್ತು.

ಅಪಾಯ ಇಲ್ಲದಾಗಲೂ ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಮಣ್ಣಿನಲ್ಲಿ, ಕಲ್ಲಿನಲ್ಲಿ ಒಂದಿಷ್ಟು ವಿಕಿರಣ ಎಲ್ಲೆಲ್ಲೂ ಇರುತ್ತದೆ, ಅದರಿಂದ ಕೇಡಿಲ್ಲ. ವ್ಯಾಪಾರಿಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ. ಯಂತ್ರ ಮಾರಿದವನನ್ನು ಕರೆಸಿದ.

"ಉಣ್ಣೋಕೆ ಕೂತರೂ ಟಿಕ್, ಮಲಗಿದರೂ ಟಿಕ್. ಇದಕ್ಕಿಂತ ನಮ್ಮ ಮನೆಯವಳೇ ವಾಸಿ ಕಣಯ್ಯ, ಉಸಿರಾಡೋಕಾದರೂ ನಿಲ್ಲಿಸ್ತಾಳೆ."

"ಸುಮ್ಮನಿರೋದೂ ಒಂದಿದೆ, ಸಾಹುಕಾರ್ರೇ. ಹುಟ್ಟಿದಾಗಿಂದ ಒಂದು ಮಾತಾಡಿಲ್ಲ" ಎಂದು ಅವನು ಹಳೆಯದನ್ನು ಒಯ್ದು ಇನ್ನೊಂದನ್ನು ಕೊಟ್ಟುಹೋದ. ವ್ಯಾಪಾರಿ ಆ ದಿನ ನೆಮ್ಮದಿಯಾಗಿ ಉಂಡ.

ಮಾರನೆಯ ಬೆಳಿಗ್ಗೆ ಒಂದು ಲಾರಿ ಕಬ್ಬಿಣ ಬಂತು. ಕೆಲಸಕ್ಕೆ ಮುಂಚೆ ಯಂತ್ರವನ್ನು ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲಿಟ್ಟು ನೋಡುವುದು ಹೆಂಗಸಿನ ರೂಢಿ. ಹಳೆಯದು ಅಲ್ಲಿ ಬೇಗ ಬೇಗ ಟಿಕ್ ಎನ್ನುತ್ತಿತ್ತು. ಹೊಸದು ತುಟಿ ಬಿಚ್ಚಲಿಲ್ಲ. ಅವಳು ಲಾರಿಯ ಕಡೆ ಹೋಗದೆ ಅಲ್ಲೇ ಕೂತಳು.

"ಯಾಕಮ್ಮ, ಹೊತ್ತಾಗಲಿಲ್ವಾ?"

"ಇದು ಸತ್ತಿದೆ, ಸಾಹುಕಾರ್ರೇ. ಕಲ್ಲಿನ ಮೇಲೂ ಟಿಕ್ ಅನ್ನಲ್ಲ. ನಾನು ಲಾರಿಗೆ ಕೈ ಹಚ್ಚಲ್ಲ."

"ಕಲ್ಲಿನಲ್ಲಿ ಏನು ಅಪಾಯ ಇದೆ ಅಂತ ಅದು ಕೂಗಬೇಕು?"

"ಅಪಾಯ ಇಲ್ಲ ಅಂತಲೇ ಅಲ್ಲಿಟ್ಟು ನೋಡೋದು. ತೂಕ ಹಾಕೋ ಮುಂಚೆ ನೀವು ಬರೀ ತಕ್ಕಡಿ ಎತ್ತಿ ನೋಡಲ್ವಾ? ಕೈ ನನ್ನದು, ಸಾಹುಕಾರ್ರೇ. ಹೋಗೋದು ಇದು, ನಿಮ್ಮ ಊಟದ ನೆಮ್ಮದಿಯಲ್ಲ."

ವ್ಯಾಪಾರಿ ರೇಗಿದ. ಲಾರಿಯವನು ಹಾರ್ನ್ ಹೊಡೆದ. ಅವಳು ಏಳಲಿಲ್ಲ. ಆದರೆ ತಕ್ಕಡಿಯ ಮಾತು ವ್ಯಾಪಾರಿಗೆ ನಾಟಿತ್ತು. ನಲವತ್ತು ವರ್ಷದಲ್ಲಿ ಒಂದು ದಿನವೂ ಅವನು ಬರಿಯ ತಕ್ಕಡಿ ನೋಡದೆ ತೂಗಿದವನಲ್ಲ. ಬೈಕ್ ಹತ್ತಿ ಹೋಗಿ, ಮಾರಿದವನ ಕೈಯಿಂದ ಹಳೆಯ ಯಂತ್ರವನ್ನೇ ತಂದ. ಹೆಂಗಸು ಅದನ್ನು ಚಪ್ಪಡಿಯ ಮೇಲಿಟ್ಟಳು. ಟಿಕ್, ಟಿಕ್. ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯ ಕಡೆ ನಡೆದಳು. ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಯಂತ್ರ ಬಿಡುವಿಲ್ಲದೆ ಚೀರಿತು. ವ್ಯಾಪಾರಿಯ ಜೇಬೂ ಚೀರಿತು. ಎಲ್ಲರೂ ದೂರ ಸರಿದರು. ಸಂಜೆಯೊಳಗೆ ಬಲ್ಲವರು ಬಂದು, ಮುಷ್ಟಿಗಾತ್ರದ ಒಂದು ತುಂಡನ್ನು ಸೀಸದ ಪೆಟ್ಟಿಗೆಯಲ್ಲಿ ಒಯ್ದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಹೆಂಗಸು ಎಂದಿನಂತೆ ಕಬ್ಬಿಣ ಆಯ್ದಳು.

ಕತೆ ಮುಗಿಯಿತು. ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಕರಿಬಸಪ್ಪ ಏಳಲಿಲ್ಲ, ಚೀಲ ಯಾವಾಗಲೋ ಹೆಗಲಿನಿಂದ ನೆಲಕ್ಕೆ ಇಳಿದಿತ್ತು.

"ಹಳೆಯದನ್ನು ಮರಳಿ ಪಡೆಯಲು ಆ ವ್ಯಾಪಾರಿ ಏನು ತೆತ್ತ, ಗುರುಗಳೇ?" ಎಂದು ಕೇಳಿದ.

"ಅವನು ಮತ್ತೆಂದೂ ನಿಶ್ಶಬ್ದದಲ್ಲಿ ಉಣ್ಣಲಿಲ್ಲ, ತೆತ್ತದ್ದು ಅಷ್ಟೇ" ಎಂದರು ಗುರುಗಳು.