ಹುಳು ತಿಂದ ಹೆಸರು

"ಗುರುಗಳೇ, ಕಳೆದುಹೋದ ದಿನಗಳನ್ನು ಮನಸ್ಸು ಮತ್ತೆ ಮತ್ತೆ ನೆನೆಯುತ್ತದೆ. ಈ ನೆನಪನ್ನು ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಎಲೆಯಡಿಕೆಯನ್ನು ದವಡೆಗೆ ಒತ್ತಿ, ಕಾಲು ನೀಡಿ ಕೂತರು. "ಇದಕ್ಕೊಂದು ಕತೆಯಿದೆ. ನೂರಾ ಒಂದು ಊರಿನಲ್ಲಿ ಹೇಳಿದ್ದೇನೆ. ಸುಳ್ಳು ಎಂದವರು ಇಬ್ಬರೇ. ಆ ಇಬ್ಬರೂ ಮಾರನೆಯ ದಿನ ಇನ್ನೊಮ್ಮೆ ಹೇಳಿ ಎಂದು ಬಂದು ಕೂತರು. ಕೇಳು" ಎಂದರು.

ಗಡಿಯ ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಮನೆಯಲ್ಲಿ ಒಂದು ಕಪಾಟು. ಕಪಾಟಿನ ತುಂಬ ಒಂದೇ ಬಗೆಯ ಪುಸ್ತಕ. ಹಿಂದೆ ಗುಡ್ಡದ ದಂಡುಗಳು ಗಡಿಯ ಊರುಗಳ ಮೇಲೆ ಬಿದ್ದು ಜನರನ್ನು ಹಿಡಿದೊಯ್ಯುತ್ತಿದ್ದವು. ಬಿಡಿಸಿಕೊಂಡು ಬಂದವರಲ್ಲಿ ಅಕ್ಷರ ಬಲ್ಲವರು ತಾವು ಸೆರೆಯಲ್ಲಿ ಪಟ್ಟ ಪಾಡನ್ನು ಬರೆದಿಟ್ಟಿದ್ದರು. ಆ ಹಳೆಯ ಪ್ರತಿಗಳನ್ನು ಕಲ್ಲಚ್ಚಿನವರು ಕಲ್ಲಿನ ಹಲಗೆಯ ಮೇಲೆ ಇದ್ದದ್ದು ಇದ್ದ ಹಾಗೆ ಅಚ್ಚಿಳಿಸಿ, ತೊಗಲಿನ ರಟ್ಟು ಕಟ್ಟಿ ಮಾರುತ್ತಿದ್ದರು. ಮೂಲದಲ್ಲಿ ಮಸಿ ಚೆಲ್ಲಿದ್ದರೆ ಅಚ್ಚಿನಲ್ಲೂ ಚೆಲ್ಲಿರಬೇಕು. ಅಕ್ಷರ ತಪ್ಪಿದ್ದರೆ ಇಲ್ಲಿಯೂ ತಪ್ಪಿರಬೇಕು. ಅದು ಅವರ ಕಸುಬಿನ ಮರ್ಯಾದೆ.

ವ್ಯಾಪಾರಿ ಅಂಥ ನಲವತ್ತು ಪುಸ್ತಕ ಕೂಡಿಸಿದ್ದ. ಎಣ್ಣೆ ಕುಡಿದು ಹದವಾದ ಮೇಕೆಯ ತೊಗಲು. ವರ್ಷಕ್ಕೊಮ್ಮೆ ಅವನ್ನು ಬಿಸಿಲಿಗೆ ಹರಡಿದರೆ ಪೇಟೆಯ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ಪಂಕ್ತಿಗೆ ಕೂತ ಹಾಗೆ ಕೂರುತ್ತಿದ್ದವು. ಅವನು ಓದಲು ಕೂತರೆ, ಬೆಕ್ಕು ಅವನ ಮಡಿಲಲ್ಲಿ ಮರಿ ಹಾಕಿ, ಆ ಮರಿಗಳು ಕಣ್ಣು ಬಿಟ್ಟು ಇಲಿ ಹಿಡಿಯುವ ತನಕ ಏಳುತ್ತಿರಲಿಲ್ಲ.

ಈ ಹುಚ್ಚಿಗೆ ಕಾರಣವಿತ್ತು. ಅವನು ಐದು ವರ್ಷದವನಾಗಿದ್ದಾಗ ಅವನನ್ನೂ ಗುಡ್ಡದವರು ಹೊತ್ತುಕೊಂಡು ಹೋಗಿದ್ದರು. ಮೂರು ವರ್ಷ ಅಲ್ಲಿದ್ದ. ಅಲ್ಲಿ ಒಬ್ಬ ಹೆಂಗಸು ಅವನನ್ನು ನೋಡಿಕೊಂಡಳು. ಸೆರೆಯಾಳಿನ ಕಾಲಿಗೆ ಹಗ್ಗ ಕಟ್ಟುವುದು ಅಲ್ಲಿಯ ಕಟ್ಟಳೆ. ಅವಳು ಆ ಹಗ್ಗಕ್ಕೆ ತನ್ನ ಹಳೆಯ ಸೀರೆಯ ಚೂರು ಸುತ್ತಿ ಕಟ್ಟುತ್ತಿದ್ದಳು. ನವಣೆಯ ರೊಟ್ಟಿ ಮುರಿದು, ಬಾಯಿಂದ ಊದಿ ಆರಿಸಿ, ಕೈಗಿಡುತ್ತಿದ್ದಳು. ಅವನು ಅವಳನ್ನು ಅವ್ವಾ ಎಂದು ಕರೆದ. ಬೇರೆ ಹೆಸರು ಬೇಕಾಗಲಿಲ್ಲ. ಒಂದು ದಿನ ಸಾಹುಕಾರನಾದ ತಂದೆ ಬಂದು ಹಣ ತೆತ್ತು ಬಿಡಿಸಿಕೊಂಡ. ಹುಡುಗ ನಗುತ್ತ ಕುದುರೆ ಹತ್ತಿದ. ಅರ್ಧ ದಾರಿಗೆ ಬಂದ ಮೇಲೆ ಅಳತೊಡಗಿದ.

ಆಮೇಲೆ ಐವತ್ತು ವರ್ಷ ಅವನ ಮನೆಯಲ್ಲಿ ಒಲೆ ಆರಲಿಲ್ಲ, ಹಿಟ್ಟಿಗೆ ಬರ ಬರಲಿಲ್ಲ. ಆದರೆ ಊದಿ ಆರಿಸಿದ ರೊಟ್ಟಿಯ ರುಚಿ ಮತ್ತೆ ಸಿಗಲಿಲ್ಲ. ನಲವತ್ತು ಪುಸ್ತಕಗಳಲ್ಲಿ ಅವನು ಅವಳನ್ನೇ ಹುಡುಕಿದ. ಪುಸ್ತಕದ ತುಂಬ ಬರೀ ಕತ್ತಿ, ಬೆಂಕಿ, ಕ್ರೂರ ಮುಖಗಳು. ಒಂದೇ ಒಂದರಲ್ಲಿ ಅವಳಿದ್ದಳು. ಅವನ ಜೊತೆಗೇ ಸೆರೆಯಲ್ಲಿದ್ದ ಒಬ್ಬ ಶಾನುಭೋಗ ಬರೆದದ್ದು ಅದು. ಬರೆದವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. "ನಮಗೆ ಅನ್ನವಿಕ್ಕಿದ ಆ ಪುಣ್ಯಾತ್ಮಳ ಹೆಸರು" ಎಂದು ಬರೆದಿತ್ತು. ಮುಂದೆ ಒಂದು ತೂತು. ಮೂಲದಲ್ಲಿ ಹುಳು ತಿಂದಿತ್ತು. ಕಲ್ಲಚ್ಚಿನವನು ಆ ತೂತಿನ ಅಂಚನ್ನೂ ಬಿಡದೆ ಇಳಿಸಿದ್ದ.

ಅಷ್ಟರಲ್ಲಿ ಮನೆಯಲ್ಲಿ ಮೊಮ್ಮಗಳು ಹುಟ್ಟಿದಳು. "ಕೂಸಿಗೆ ನನ್ನ ಗುಡ್ಡದವ್ವನ ಹೆಸರೇ ಇಡಬೇಕು. ಸಿಗುವ ತನಕ ಬೇರೆ ಹೆಸರು ಬೇಡ" ಎಂದು ವ್ಯಾಪಾರಿ ಹಟ ಹಿಡಿದ. ತೊಟ್ಟಿಲಿಗೆ ಹಾಕುವ ದಿನ ನೆರೆಯ ಹೆಂಗಸರು ಬಂದರು, ಹಾಡಿದರು, ಕೋಸಂಬರಿ ತಿಂದು ಹೋದರು. ಕೂಸಿನ ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ.

ವ್ಯಾಪಾರಿ ಇನ್ನೊಂದು ಪ್ರತಿ ತರಿಸಿದ. ಅದರಲ್ಲೂ ತೂತು. ಬೇರೆ ಪೇಟೆಯಿಂದ ತರಿಸಿದ. ತೂತು. ಹೀಗೆ ಏಳು ವರ್ಷಕ್ಕೆ ಏಳು ಪ್ರತಿ. ಕೊನೆಗೆ ಕಲ್ಲಚ್ಚಿನವನನ್ನೇ ಮನೆಗೆ ಕರೆಸಿದ.

ಅವನು ಎದೆ ಉಬ್ಬಿಸಿ, "ಮೂಲದಲ್ಲಿದ್ದ ತೂತು ಒಂದೂ ತಪ್ಪಿಲ್ಲ, ಸಾಹುಕಾರರೇ. ಬೇಕಾದರೆ ಎಣಿಸಿಕೊಳ್ಳಿ" ಎಂದ.

"ನನಗೆ ತೂತು ಬೇಡ. ತೂತಿನಲ್ಲಿ ಇದ್ದದ್ದು ಬೇಕು."

"ಅದು ಹುಳುವಿನ ಹೊಟ್ಟೆಯಲ್ಲಿದೆ. ಹುಳುವನ್ನು ಅಚ್ಚು ಹಾಕುವ ಕಲ್ಲು ಇನ್ನೂ ಬಂದಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ವ್ಯಾಪಾರಿಯ ಹೆಂಡತಿ ನಕ್ಕಳು. ಅಚ್ಚಿನವನು ಹೋದ ಮೇಲೆ ಹೊರಗೆ ಬಂದಳು. "ಕೂಸಿಗೆ ಏಳು ತುಂಬಿತು. ನಾಳೆ ಲಗ್ನಪತ್ರಿಕೆಯಲ್ಲಿ ಚಿರಂಜೀವಿ ಸೌಭಾಗ್ಯವತಿ ತೂತು ಎಂದು ಬರೆಸುತ್ತೀರೇನು? ಗುಡ್ಡ ನಮ್ಮ ಮಾಳಿಗೆ ಹತ್ತಿದರೆ ಕಾಣುತ್ತದೆ. ಹೋಗಿ ಕೇಳಬಾರದೇ?"

"ಅಲ್ಲಿಯವರು ಎಂಥವರೆಂದು ನಿನಗೇನು ಗೊತ್ತು? ಈ ಪುಸ್ತಕದಲ್ಲಿ ನೋಡು. ಕಣ್ಣು ಕೀಳುವ ಜನ."

"ಅಲ್ಲಿ ಮೂರು ವರ್ಷ ಉಂಡವರು ನೀವು. ಅಲ್ಲಿಯವರು ಎಂಥವರೆಂದು ಪುಸ್ತಕ ನೋಡಿ ಹೇಳುತ್ತೀರಲ್ಲ!"

ವ್ಯಾಪಾರಿ ಕೈಲಿದ್ದುದನ್ನು ಮುಚ್ಚಿ ಕಪಾಟಿಗಿಟ್ಟ. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಮೊಮ್ಮಗಳನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಹೊರಟ.

ಕಣ್ಣಿಗೆ ಹತ್ತಿರವಾದರೂ ಕಣಿವೆ ಸುತ್ತಿ ಬಳಸಿ ಮೂರು ದಿನದ ದಾರಿ. ಮೊದಲ ದಿನ ಅವನಿಗೆ ಪುಸ್ತಕದಲ್ಲಿದ್ದದ್ದೆಲ್ಲ ನೆನಪಿಗೆ ಬಂತು. ಪೊದೆ ಅಲುಗಿದರೆ ಬೆಚ್ಚಿದ. ಎರಡನೆಯ ದಿನ ಒಂದು ತಿರುವಿನಲ್ಲಿ, ಇಲ್ಲಿ ಕಾರೆಹಣ್ಣಿನ ಗಿಡ ಇರಬೇಕು ಎಂದುಕೊಂಡ. ಇತ್ತು. ಮೂರನೆಯ ದಿನ ಅವನು ಲಗಾಮು ಸಡಿಲ ಬಿಟ್ಟ. ಎಲ್ಲಿ ಇಳಿಯಬೇಕು, ಎಲ್ಲಿ ನೀರಿದೆ, ಎಲ್ಲವೂ ಅವನ ಮೈಗೇ ಗೊತ್ತಿತ್ತು.

ಗುಡ್ಡದ ಮೇಲೆ ಹತ್ತು ಗುಡಿಸಲು. ದಂಡು ಕಟ್ಟಿದವರೆಲ್ಲ ಎಂದೋ ಸತ್ತು, ಉಳಿದವರು ಮೇಕೆ ಕಾಯುತ್ತಿದ್ದರು. ಒಬ್ಬ ಹೆಂಗಸು ಅಂಗಳದಲ್ಲಿ ನವಣೆ ಕೇರುತ್ತಿದ್ದಳು.

ವ್ಯಾಪಾರಿ ಕೈ ಮುಗಿದು ನಿಂತ. "ತಾಯೀ, ಬಹಳ ಹಿಂದೆ ಇಲ್ಲಿ ಸೆರೆಯ ಮಕ್ಕಳಿಗೆ ರೊಟ್ಟಿ ಕೊಡುತ್ತಿದ್ದ ಒಬ್ಬಾಕೆ ಇದ್ದಳು. ಹಗ್ಗಕ್ಕೆ ಸೀರೆ ಸುತ್ತುತ್ತಿದ್ದಳು. ಆಕೆಯ ಹೆಸರೇನು?"

"ಲಗಮವ್ವ. ನಮ್ಮತ್ತೆ" ಎಂದಳು ಹೆಂಗಸು, ಮೊರ ನಿಲ್ಲಿಸದೆ.

ಇಷ್ಟೇ. ಏಳು ಪ್ರತಿಯಲ್ಲಿ ಸಿಗದ್ದು ಮೊರ ಒಂದು ಸಲ ಹಾರುವಷ್ಟರಲ್ಲಿ ಸಿಕ್ಕಿತು.

"ಎಲ್ಲಿದ್ದಾಳೆ?"

ಈಗ ಮೊರ ನಿಂತಿತು. ಹೆಂಗಸು ಅವನ ಮುಖ ನೋಡಿದಳು. "ಅಯ್ಯೋ, ಆ ಸಾಹುಕಾರನ ಮಗನೇನು ನೀನು? ಹೋದ ಮಾರ್ನಮಿಗೆ ತೀರಿಕೊಂಡಳಪ್ಪಾ. ಸಾಯುವ ಹಿಂದಿನ ದಿನದವರೆಗೂ ಸಂಜೆಯಾದರೆ ಅಗೋ ಆ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದಳು. ಯಾರ ದಾರಿ ನೋಡುತ್ತೀ ಮುದುಕೀ ಎಂದರೆ, ನನ್ನ ಮಗ ಬರುತ್ತಾನೆ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅವಳು ಇಳಿದು ಬಂದಿದ್ದರೆ ನಿಮ್ಮ ಪೇಟೆಯವರು ಬಿಡುತ್ತಿದ್ದರೇ? ನೀನು ಹತ್ತಿ ಬರಲು ಯಾರ ಅಡ್ಡಿಯಿತ್ತು?"

ವ್ಯಾಪಾರಿ ಹೋಗಿ ಆ ಬಂಡೆಯ ಮೇಲೆ ಕೂತ. ಅಲ್ಲಿಂದ ಕಣಿವೆ ಕಾಣುತ್ತಿತ್ತು. ಕಣಿವೆಯಾಚೆ ಅವನ ಪೇಟೆ ಕಾಣುತ್ತಿತ್ತು. ಬಿಸಿಲು ಬಿದ್ದಾಗ ಅವನ ಮಾಳಿಗೆಯ ಕಲಶ ಮಿನುಗುವುದೂ ಕಾಣುತ್ತಿತ್ತು.

ಮೊಮ್ಮಗಳು ದೂರದಲ್ಲಿ ಮೇಕೆಮರಿಯ ಹಿಂದೆ ಓಡುತ್ತಿದ್ದಳು. ಅವನು "ಲಗಮವ್ವಾ" ಎಂದು ಕರೆದ. ಕೂಸು ನಿಂತು, ಅತ್ತ ಇತ್ತ ನೋಡಿತು. ಅಜ್ಜ ಕರೆದದ್ದು ಯಾರನ್ನು ಎಂದು ಅದಕ್ಕೆ ತಿಳಿಯಲಿಲ್ಲ. ಅವನು ಇನ್ನೊಮ್ಮೆ ಕರೆಯಲು ಹೋದ. ಆಗಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನೂ ಮರೆಯಲಿಲ್ಲವಲ್ಲ, ಗುರುಗಳೇ. ಅವಳು ನೆನೆದಷ್ಟೇ ವರ್ಷ ಅವನೂ ನೆನೆದ. ಅವನ ನೆನಪು ಅವಳ ನೆನಪಿಗಿಂತ ಯಾವುದರಲ್ಲಿ ಕಡಿಮೆಯಾಯಿತು?"

"ಅವನು ಪುಸ್ತಕ ನೋಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ, ಮಗು, ಅವಳು ದಾರಿ ನೋಡಿದಳು" ಎಂದರು ಗುರುಗಳು.