ಕಾದು ಕೂತ ಮೊಲ

ಸಣ್ಣೀರಪ್ಪ ಒಂದು ಜೋಡಿ ಮೊಲ ಸಾಕಿದ್ದ. ಒಂದು ಬೆಳಗ್ಗೆ ಹೆಣ್ಣು ಮೊಲ ಗೂಡಿನಲ್ಲಿ ಸತ್ತುಹೋಯಿತು. ಆಗ ಗಂಡು ಮೊಲ ಅಂಗಳದಲ್ಲಿತ್ತು. ಅದಕ್ಕೆ ಸಂಕಟ ಆಗಬಾರದು ಅಂತ ಸಣ್ಣೀರಪ್ಪ ಹೆಣ ತೋರಿಸದೆ ಹಿತ್ತಲ ನುಗ್ಗೆಮರದ ಬುಡದಲ್ಲಿ ಹೂತುಬಿಟ್ಟ. "ಆಸ್ಪತ್ರೆಗೆ ಹೋಗವ್ಳೆ, ನಾಳೆ ಬತ್ತಾಳೆ. ನೀನು ತಿನ್ನಪ್ಪ" ಅಂದ.

ಅವೆರಡೂ ಒಂದೇ ಎಲೆಯನ್ನು ಎರಡು ತುದಿಯಿಂದ ತಿನ್ನುತ್ತಿದ್ದವು. ಗಂಡು ಮೊಲ ಕೋಸಿನ ಎಲೆ ಮುಂದಿಟ್ಟುಕೊಂಡು ಕಾದು ಕೂತಿತು. ಮಾರನೇ ದಿನವೂ ಕೂತಿತು. ಎರಡು ದಿನ ತಿನ್ನದ ಮೊಲ ಮೂರನೇ ದಿನ ಉಳಿಯುವುದು ಕಷ್ಟ.

ಮನೆಯ ಕೋಳಿ ಬಂದು, "ಯಾಕಣ್ಣ, ಎಲೆಗೆ ಪೂಜೆ ಮಾಡ್ತಿದ್ದೀಯಾ?" ಅಂದಿತು.

"ಅವಳು ಬರಲಿ. ಆ ತುದಿ ಅವಳದು."

"ಅವಳು ಬರಲ್ಲ. ಸತ್ತುಹೋದಳು. ಹೂಳುವಾಗ ನಾನೇ ನೋಡಿದೆ."

"ಯಜಮಾನ ನಾಳೆ ಬರ್ತಾಳೆ ಅಂದನಲ್ಲ?"

"ನಿನ್ನ ಮುಖ ನೋಡಿ ನಿಜ ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಬಾ, ತೋರಿಸ್ತೀನಿ."

ಮೊಲ ನುಗ್ಗೆಮರದ ಬುಡದ ಹಸಿ ಮಣ್ಣನ್ನು ಮೂಸಿತು. ಅವಳ ವಾಸನೆ ಇತ್ತು. ಅಲ್ಲೇ ಮೈಚೆಲ್ಲಿ ಮಲಗಿತು. ಕೋಳಿ ಪಕ್ಕದಲ್ಲಿ ಕೂತಿತು. ಬಿಸಿಲು ಮರದ ಆ ಕಡೆಗೆ ಹೋಗುವವರೆಗೂ ಎರಡೂ ಹಾಗೇ ಇದ್ದವು.

ಆಮೇಲೆ ಮೊಲ, "ನಿನ್ನನ್ನ ಬೈಬೇಕು ಅನ್ನಿಸ್ತಿದೆ" ಅಂದಿತು.

"ಬೈಯಣ್ಣ. ಆದರೆ ಮೊದಲು ಒಂದು ತುತ್ತು ತಿನ್ನು, ಬೈಯೋಕೂ ಶಕ್ತಿ ಬೇಕು."

ಮೊಲ ಆ ಮಣ್ಣಿನ ಪಕ್ಕದ ಗರಿಕೆಯನ್ನು ಕಚ್ಚಿ, ನಿಧಾನಕ್ಕೆ ಜಗಿಯಿತು.